ನೀರಿನ ಗೋಪುರದ ಹತ್ತಿರ ಇರುವವರು

ಫೆಬ್ರವರಿ 3

ನಾದಿನಿಗೆ ಭಾವನ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಶುರು ಮಾಡೋದು ಪದ್ಧತಿ. ಹಾಗೆ ಬರೆದರೆ, "ಎಲ್ಲರೂ ಅಂದರೆ ಯಾರು? ನಮ್ಮ ದಾಖಲೆ ಪ್ರಕಾರ ಅಲ್ಲಿ ಯಾರೂ ಇಲ್ಲ" ಅಂತ ನಿನ್ನ ಕಚೇರಿಯೇ ತಕರಾರು ತೆಗೆದೀತು. ಹೋದ ವಾರದಿಂದ ನಾವು ಇಲ್ಲ. ಬೆಳಿಗ್ಗೆ ಏಳ್ತೀವಿ, ಹಲ್ಲುಜ್ಜುತ್ತೀವಿ, ಜಗಳ ಆಡ್ತೀವಿ, ಆದರೂ ಇಲ್ಲ.

ನೀರಿನ ಗೋಪುರ ಕೆಡವಿದರು. ನೀನು ನೋಡಿದ್ದೀಯಲ್ಲ, ನಾಲ್ಕು ಇಟ್ಟಿಗೆ ಕಾಲಿನ ಮೇಲೆ ಕಬ್ಬಿಣದ ತೊಟ್ಟಿ, ಹೊಟ್ಟೆ ಬಂದ ಪೈಲ್ವಾನ ನಿಂತ ಹಾಗೆ. ಅದರಲ್ಲಿ ನೀರು ಬತ್ತಿದ್ದು ನನ್ನ ಮದುವೆಯ ವರ್ಷ. ಎರಡಕ್ಕೂ ಸಂಬಂಧ ಇಲ್ಲ ಅಂತ ಸೇರಿಸು ಅಂತ ನಿನ್ನ ಅಕ್ಕ ಪಕ್ಕದಲ್ಲಿ ನಿಂತು ಹೇಳ್ತಿದ್ದಾಳೆ, ಸೇರಿಸಿದೆ. ನೀರಿಲ್ಲದಿದ್ದರೂ ನಮ್ಮ ವಿಳಾಸ ಅದೇ. ಹಗ್ಗದ ಕಾರ್ಖಾನೆ ಮುಚ್ಚಿದ ಮೇಲೆ ಅದರ ಹಿಂದಿನ ಈ ಸಾಲುಮನೆಗಳು ಕಾರ್ಖಾನೆಯವೂ ಅಲ್ಲ, ನಗರಸಭೆಯವೂ ಅಲ್ಲ. ಗೋಡೆ ಮೇಲೆ ನಂಬರು ಬರೆದವರಿಲ್ಲ. ಊರಿನ ಅರ್ಧ ಬೋರ್ಡುಗಳನ್ನ ಬರೆದ ನನಗೆ ನನ್ನ ಮನೆ ನಂಬರು ಬರೆಯೋ ಯೋಗ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ನಲ್ಲಿ ಬೇಕು ಅಂತ ನಿನ್ನ ಅಕ್ಕ ವಾರ್ಡಿನ ಸದಸ್ಯನ ಹತ್ತಿರ ಹೋಗಿದ್ದಳು. "ನೀವು ನನ್ನ ಮತದಾರರೇ ಅಲ್ಲವಲ್ಲಮ್ಮ" ಅಂದ. ಇವಳು ಮನೆಗೆ ಬಂದಳು. ಇಸ್ತ್ರಿ ಪೆಟ್ಟಿಗೆ, ಕೆಂಡದ ಬಾಂಡ್ಲಿ, ಊರವರ ಬಟ್ಟೆ ಗಂಟು ಎಲ್ಲ ಹೊತ್ತುಕೊಂಡು ಹೋಗಿ ಗೋಪುರದ ಕೆಳಗೆ ಕೂತಳು. ಓಟು ಕೊಡೋ ತನಕ ಇಲ್ಲೇ ಇಸ್ತ್ರಿ ಅಂದಳು. ಸಾಲಿನ ಹೆಂಗಸರೆಲ್ಲ ಹೋಗಿ ಪಕ್ಕದಲ್ಲಿ ಕೂತರು. ಬಟ್ಟೆ ಕೊಟ್ಟವರೆಲ್ಲ ಅಲ್ಲಿಗೇ ಬರಬೇಕಾಯ್ತು, ನ್ಯಾಯಾಧೀಶರ ಡವಾಲಿ ಜವಾನನೂ ಬಂದ. ಮಳೆಗಾಲ ಶುರುವಾಗೋ ಹೊತ್ತಿಗೆ ಮತದಾರರ ಕಚೇರಿಯವರು ಮೇಜು ತಂದು ಅದೇ ತೊಟ್ಟಿಯ ನೆರಳಲ್ಲಿ ಎಲ್ಲರ ಹೆಸರು ಬರೆದುಕೊಂಡರು. ಎಲ್ಲರಿಗೂ ಒಂದೇ ವಿಳಾಸ: ನೀರಿನ ಗೋಪುರದ ಹತ್ತಿರ.

ಈಗ ಗೋಪುರ ಹೋಯ್ತು, ಹತ್ತಿರ ಉಳೀತು. ಯಾವುದರ ಹತ್ತಿರ ಅಂತ ಕೇಳ್ತಾರೆ. ವಿಳಾಸ ಪತ್ತೆಯಿಲ್ಲ ಅಂತ ಎಲ್ಲರ ಹೆಸರನ್ನೂ ಒಂದೇ ಗೆರೆಯಲ್ಲಿ ಹೊಡೆದು ಹಾಕಿದ್ದಾರೆ. ಓಟು ಏಪ್ರಿಲ್ ಇಪ್ಪತ್ತಕ್ಕೆ. ನಿನ್ನ ಅಕ್ಕ ಹುಟ್ಟಿದಾರಭ್ಯ ಒಂದು ಓಟು ಹಾಕಿಲ್ಲ. ಮತದಾನ ಅಂತ ಹೆಸರಿಟ್ಟಿದ್ದಾರೆ, ದಾನ ಕೊಡೋರೂ ನಾವೇ, ಅದನ್ನ ಕೊಡೋಕೆ ಬಿಡಿ ಅಂತ ಬೇಡೋರೂ ನಾವೇ.

ನೀನು ದೊಡ್ಡ ಕಚೇರಿಯಲ್ಲಿ ಮತದಾರರ ಪಟ್ಟಿ ತಿದ್ದುಪಡಿ ವಿಭಾಗದ ಮೇಲ್ವಿಚಾರಕಿ. ನಮ್ಮನ್ನೂ ಸ್ವಲ್ಪ ತಿದ್ದು.

ನಿನ್ನ ಭಾವ


ಫೆಬ್ರವರಿ 14

ಭಾವನವರಿಗೆ ವಂದನೆಗಳು.

ನಿಮ್ಮ ಪತ್ರ ತಲುಪಿತು. ಉತ್ತರ ಬರೆಯುವ ಮುನ್ನ ಒಂದು ಪ್ರಶ್ನೆ: ಗೋಪುರವನ್ನು ನಿಜವಾಗಿಯೂ ಕೆಡವಿದ್ದಾರೆಯೇ? ಅಕ್ಕನಿಗೆ ಐವತ್ತನೇ ವಯಸ್ಸಿನಲ್ಲಿ ಅವಳಿ ಮಕ್ಕಳಾದವೆಂದು ನೀವು ತಂತಿ ಕಳಿಸಿದಾಗ ನಾನು ಎರಡು ಉಣ್ಣೆಯ ಟೋಪಿ ಹೆಣೆದು ಕಳಿಸಿದವಳು. ಆದ್ದರಿಂದ ಕೇಳುತ್ತಿದ್ದೇನೆ.

ನಿಜವೇ ಆಗಿದ್ದರೆ, ನಿಯಮ ಹೀಗಿದೆ. ಮನೆ ಸಂಖ್ಯೆ ಇಲ್ಲದ ವಸತಿಗಳಿಗೆ ಸಮೀಪದಲ್ಲಿ ಕಣ್ಣಿಗೆ ಕಾಣುವ ಶಾಶ್ವತ ಗುರುತು ಒಂದಿರಬೇಕು. ಗುರುತು ಇಲ್ಲವಾದಲ್ಲಿ ವಿಳಾಸವೂ ಇಲ್ಲ. ಇದು ಎಲ್ಲರಿಗೂ ಅನ್ವಯಿಸುವ ನಿಯಮ, ನಿಮ್ಮ ಸಾಲಿಗೆಂದು ಮಾಡಿದ್ದಲ್ಲ. ನೀವು ಸ್ಥಳೀಯ ತಪಾಸಣಾಧಿಕಾರಿಗೆ ಆಕ್ಷೇಪಣೆ ಸಲ್ಲಿಸಬೇಕು. ಗೋಪುರವನ್ನು ಮತ್ತೆ ಕಟ್ಟಿಸಲು ನಗರಸಭೆಗೂ ಅರ್ಜಿ ಕೊಡಿ.

ನನ್ನ ಸ್ಥಾನದಿಂದ ಸಂಬಂಧಿಕರ ವಿಷಯದಲ್ಲಿ ನೇರವಾಗಿ ಏನೂ ಮಾಡುವಂತಿಲ್ಲ. ಅಕ್ಕ ಇದನ್ನು ತಪ್ಪು ತಿಳಿಯಬಾರದು.

ಇತಿ, ನಾದಿನಿ


ಫೆಬ್ರವರಿ 20

ನಾದಿನಿ,

ನೀನು ಹೆಣೆದ ಟೋಪಿ ಇನ್ನೂ ಇವೆ. ಆವತ್ತು ನಾನು ಹಾಕಿದ ಟೋಪಿಯೂ ನಿನಗೆ ನೆನಪಿದೆ ಅಂತಾಯ್ತು. ಆದರೆ ಈ ಸಲ ನಿಜ. ಬೇಕಾದರೆ ಗೋಪುರದ ಒಂದು ಇಟ್ಟಿಗೆ ಪಾರ್ಸೆಲ್ ಕಳಿಸ್ತೀನಿ, ಅಂಚೆ ಖರ್ಚು ನಿನ್ನದು.

ತಪಾಸಣಾಧಿಕಾರಿ ಬಂದಿದ್ದ. ದಪ್ಪ ಕನ್ನಡಕ, ನಾವೆಲ್ಲ ಕನ್ನಡಕ ಅಂತಲೇ ಕರೀತೀವಿ. ರಸ್ತೆ ಆಚೆ ನೆರಳಲ್ಲಿ ನಿಂತು ಕೈ ಹಣೆಗೆ ಇಟ್ಟು ನೋಡಿದ. ಈಚೆ ಬರಲಿಲ್ಲ, ಈಚೆ ಚರಂಡಿ ಕೆಸರು.

"ಗೋಪುರ ಎಲ್ಲಿ?" ಅಂದ.

"ನೀವೇ ಕೆಡವಿದಿರಲ್ಲ ಸ್ವಾಮಿ" ಅಂದೆ.

"ಕೆಡವಿದ್ದು ಕಟ್ಟಡ ವಿಭಾಗ. ನಮ್ಮದು ಮತದಾರರ ವಿಭಾಗ. ನಮಗೆ ಅದು ಗೊತ್ತಿಲ್ಲ."

"ಈಗ ನಾನು ಹೇಳಿದೆನಲ್ಲ, ಗೊತ್ತಾಯ್ತಲ್ಲ."

"ನೀವು ಹೇಳಿದ್ದನ್ನ ಹೇಗೆ ತಗೊಳ್ಳಲಿ? ನೀವು ಈ ವಿಳಾಸದಲ್ಲಿ ಇಲ್ಲ."

ನಿನ್ನ ಅಕ್ಕ ಕೆಸರು ದಾಟಿ ಹೋದಳು. "ಇಲ್ಲಿ ನೋಡಪ್ಪ, ನೀನು ಹಾಕ್ಕೊಂಡಿರೋ ಅಂಗಿ ಮೊನ್ನೆ ನಾನೇ ಇಸ್ತ್ರಿ ಮಾಡಿದ್ದು. ಕಾಲರ್ ಹತ್ತಿರ ಒಂದು ಗುಂಡಿ ಸಡಿಲ ಇತ್ತು, ಹೊಲಿದು ಕೊಟ್ಟೆ. ಇಲ್ಲದೇ ಇರೋಳು ಹೇಗೆ ಹೊಲಿದಳು?" ಅಂದಳು. ಅವನು ಕಾಲರ್ ಮುಟ್ಟಿ ನೋಡಿಕೊಂಡ. "ಬಹಳ ಚೆನ್ನಾಗಿ ಹೊಲಿದಿದ್ದೀರಮ್ಮ" ಅಂದ. 'ಗುರುತು ಕಂಡುಬಂದಿಲ್ಲ' ಅಂತ ಬರೆದುಕೊಂಡು ಹೋದ.

ನಗರಸಭೆಗೆ ಅರ್ಜಿ ಕೊಟ್ಟೆ. ಅಲ್ಲಿ ಅರ್ಜಿ ನಮ್ಮದು, ಮರ್ಜಿ ಅವರದು. "ಅಪಾಯದ ಕಟ್ಟಡ ಕೆಡವಿದ್ದಕ್ಕೆ ಥ್ಯಾಂಕ್ಸ್ ಹೇಳೋದು ಬಿಟ್ಟು" ಅಂತ ಒಬ್ಬ ಗೊಣಗಿದ. ಅಪಾಯ ಯಾರಿಗಿತ್ತು ಅಂತ ಕೇಳಲಿಲ್ಲ, ಸದಸ್ಯನ ಹೆಸರು ಬಾಯಿಗೆ ಬಂದುಬಿಡ್ತಿತ್ತು.

'ಏನೂ ಮಾಡುವಂತಿಲ್ಲ' ಅಂತ ಬರೆದಿದ್ದೆಯಲ್ಲ, ಅದನ್ನ ಅಕ್ಕನಿಗೆ ಓದಿ ಹೇಳಲಿಲ್ಲ. 'ನೋಡುತ್ತೇನೆ' ಅಂತ ಓದಿದೆ. ನಿನಗೂ ಸೇರಿಸಿ ನಾನೇ ಸುಳ್ಳು ಹೇಳಬೇಕಾಗಿದೆ.

ಭಾವ


ಮಾರ್ಚ್ 2

ಭಾವ,

ನೀವು ಅಕ್ಕನಿಗೆ ಹಾಗೆ ಓದಿ ಹೇಳಿದ್ದರಿಂದ ನಾನು ನಿಜವಾಗಿಯೂ ನೋಡಬೇಕಾಯಿತು. ಒಂದು ವಾರದಿಂದ ಊಟದ ವೇಳೆಯಲ್ಲಿ ಅದೇ ಕೆಲಸ. ಸಾಹೇಬರ ಮುಂದೆ ನಾಲ್ಕು ಸಲ ನಿಂತೆ. ನಿಮ್ಮ ಸಾಲಿಗೆ ಬೇರೆ ಗುರುತು ಕೊಡಬಹುದೇ ಎಂದು ಕೇಳಿದೆ. ಆಲದ ಮರವೆಂದರೆ ಮರ ಶಾಶ್ವತವಲ್ಲವಂತೆ. ಕಾರ್ಖಾನೆಯ ಗೇಟು ಖಾಸಗಿಯಂತೆ. ಸೇತುವೆ ಎಂದರೆ ಅದು ಪಕ್ಕದ ವಾರ್ಡಿನ ಸೇತುವೆ. "ಅಲ್ಲಿ ಮನೆಗಳಿವೆಯಲ್ಲ ಸರ್, ಮನೆಗಳೇ ಕಣ್ಣಿಗೆ ಕಾಣುತ್ತವಲ್ಲ" ಎಂದೆ. "ಮನೆಗೆ ಮನೆಯೇ ಗುರುತಾಗಲು ಬರುವುದಿಲ್ಲ" ಎಂದರು. ಅವರು ಕೆಟ್ಟವರಲ್ಲ ಭಾವ. ಆ ವಾಕ್ಯವನ್ನು ಬಹಳ ಮೃದುವಾಗಿ ಹೇಳಿದರು.

ನನಗೆ ಸಿಟ್ಟು ಬಂದು ಫೈಲು ಸ್ವಲ್ಪ ಜೋರಾಗಿಯೇ ಮೇಜಿನ ಮೇಲಿಟ್ಟೆ. ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ದೊಡ್ಡ ದಂಗೆ ಅದು.

ಆ ಹಾಳು ಗೋಪುರ ಒಂದು ನಿಂತಿದ್ದರೆ ಸಾಕಿತ್ತು. ತಪಾಸಣೆಯವರು ಅದನ್ನು ಹತ್ತಿ ನೋಡುವುದಿಲ್ಲ, ಮುಟ್ಟಿ ನೋಡುವುದಿಲ್ಲ. ರಸ್ತೆಯಿಂದ ಕಣ್ಣಿಗೆ ಕಂಡರೆ ಗುರುತು ಹಾಕಿಕೊಂಡು ಹೋಗುತ್ತಾರೆ. ನಗರಸಭೆಯ ಬೆನ್ನು ಬಿಡಬೇಡಿ. ಮಾರ್ಚ್ ಮುಗಿಯುವುದರೊಳಗೆ ಅದು ಎದ್ದು ನಿಂತರೆ ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಈ ಮಾತನ್ನು ಅಕ್ಕನಿಗೆ ಇದ್ದ ಹಾಗೆಯೇ ಓದಿ.

ನಾದಿನಿ


ಮಾರ್ಚ್ 12

ಬುದ್ಧಿವಂತೆ ನಾದಿನಿಗೆ,

ಕಾಗದ ಮುಟ್ಟಿತು, ಸೂಚನೆಯೂ ಮುಟ್ಟಿತು. ಕಚೇರಿಯಲ್ಲಿ ಇದ್ದು ಇದ್ದು ನೀನೂ ಎರಡು ಸಾಲಿನ ನಡುವೆ ಮೂರನೇ ಸಾಲು ಬರೆಯೋದು ಕಲಿತಿದ್ದೀಯ.

ಸಂತೋಷದ ಸಮಾಚಾರ: ಗೋಪುರ ಎದ್ದು ನಿಂತಿದೆ. ಅದೇ ಜಾಗ, ಅದೇ ನಾಲ್ಕು ಕಾಲು, ಅದೇ ಹೊಟ್ಟೆ. ಮೊದಲಿಗಿಂತ ಚೆಂದ ಕಾಣುತ್ತೆ ಅಂತ ದಾರಿಹೋಕರು ಹೇಳ್ತಾರೆ. ಕನ್ನಡಕ ನಿನ್ನೆ ಬಂದ, ರಸ್ತೆ ಆಚೆ ಅದೇ ನೆರಳಲ್ಲಿ ನಿಂತ, ಹಣೆಗೆ ಕೈ ಇಟ್ಟ. "ಓಹೋ, ಬಂತಾ" ಅಂದ. "ಬಂತು ಸ್ವಾಮಿ" ಅಂದೆ. 'ಗುರುತು ಕಂಡುಬಂದಿದೆ' ಅಂತ ಬರೆದುಕೊಂಡು ಹೋದ. ಅವನ ವರದಿ ಈ ವಾರ ನಿನ್ನ ಮೇಜಿಗೆ ಬರುತ್ತೆ. ಇನ್ನು ನಿನ್ನ ಕೈ.

ನಿನ್ನ ಅಕ್ಕ ನನ್ನ ಜೊತೆ ಮಾತಾಡ್ತಿಲ್ಲ. ಸೆಕೆ ಜಾಸ್ತಿ ನೋಡು, ಅದಕ್ಕೇ ಇರಬೇಕು.

ಭಾವ


ಮಾರ್ಚ್ 19

ಪ್ರೀತಿಯ ಭಾವ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಗರಸಭೆ ಇಷ್ಟು ಬೇಗ ಮತ್ತೆ ಕಟ್ಟಿಸಿತೆಂದರೆ ಅಕ್ಕ ಅಲ್ಲಿ ಹೋಗಿಯೂ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಕೂತಿರಬೇಕು. ಅದನ್ನು ನೆನೆಸಿಕೊಂಡು ಬಸ್ಸಿನಲ್ಲಿ ಒಬ್ಬಳೇ ನಕ್ಕೆ, ಪಕ್ಕದವರು ಸರಿದು ಕೂತರು.

ತಪಾಸಣೆಯ ವರದಿ ಬಂತು. ಸಾಹೇಬರಿಗೆ ಅನುಮಾನವಿತ್ತು, ಕೆಡವಿದ್ದು ಒಂದೂವರೆ ತಿಂಗಳಲ್ಲಿ ಹೇಗೆ ಎದ್ದಿತು ಎಂದರು. "ಸರ್, ನನ್ನ ಸ್ವಂತ ಭಾವ ಅಲ್ಲೇ ವಾಸ, ಕಣ್ಣಾರೆ ಕಂಡು ಬರೆದಿದ್ದಾರೆ" ಎಂದೆ. "ಸಂಬಂಧಿಕರ ವಿಷಯ, ನೀವು ಬರೆದು ಕೊಟ್ಟರೆ ಸಹಿ ಹಾಕುತ್ತೇನೆ" ಎಂದರು. 'ಗೋಪುರ ಪುನರ್ನಿರ್ಮಾಣವಾಗಿರುವುದನ್ನು ಖಚಿತಪಡಿಸಿಕೊಂಡಿದ್ದೇನೆ' ಎಂದು ಬರೆದು ನನ್ನ ಹೆಸರು ಹಾಕಿದೆ. ಎಲ್ಲರ ಹೆಸರೂ ಮತ್ತೆ ಸೇರಿವೆ. ಅಕ್ಕನದು ಮೊದಲನೆಯದು.

ಅವಳಿಗೆ ಹೇಳಿ, ಓಟಿನ ದಿನ ನಾನೂ ಇಲ್ಲಿ ಅದೇ ಹೊತ್ತಿಗೆ ಹೋಗಿ ಹಾಕುತ್ತೇನೆ. ಬೆಳಿಗ್ಗೆ ಮೊದಲಿಗೇ.

ನಿಮ್ಮ ನಾದಿನಿ


ಮಾರ್ಚ್ 27

ನಾದಿನಿ,

ನಿನ್ನ ಕಾಗದ ಓದಿ ನಾನು ಒಂದು ಮಾತು ಬರೆಯಬೇಕು ಅಂತ ಕೂತೆ, ಮೂರು ದಿನ ಕೂತೇ ಇದ್ದೆ. ಅಷ್ಟರಲ್ಲಿ ಗಾಳಿ ನನಗಿಂತ ಮೊದಲೇ ಹೇಳಿಬಿಡ್ತು.

ಗೋಪುರ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಯಾಕೆ ಅಂದರೆ ಅದು ಹಲಗೆ. ಹಲಗೆ, ತಗಡು, ಹಳೇ ಗೋಣಿತಾಟು, ಮೇಲೆ ನನ್ನ ಬಣ್ಣ. ರಸ್ತೆ ಕಡೆಗೆ ಮಾತ್ರ ಮುಖ ಇತ್ತು, ಹಿಂದುಗಡೆ ಬರೀ ಬಿದಿರಿನ ಊರುಗೋಲು. ನಮ್ಮ ಸಾಲಿನ ಬಡಗಿ ಕೊಯ್ದ, ಟೈಲರಮ್ಮ ಗೋಣಿ ಹೊಲಿದಳು, ನಾನು ಇಟ್ಟಿಗೆ ಇಟ್ಟಿಗೆಯಾಗಿ ಬರೆದೆ. ತುಕ್ಕಿನ ಬಣ್ಣ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಒಂದು ಕಾಗೆ ಕೂರೋಕೆ ಹೋಗಿ ಜಾರಿ ಬಿತ್ತು. ಕಣ್ಣಿಗೆ ಕಂಡರೆ ಸಾಕು ಅಂತ ನೀನೇ ಬರೆದಿದ್ದೆಯಲ್ಲ. ನೀನು ದಾರಿ ತೋರಿಸ್ತಿದ್ದೀಯ ಅಂತ ತಿಳಿದೆ.

ಸದಸ್ಯ ಪ್ರಚಾರಕ್ಕೆ ಬರೋ ಹೊತ್ತಿಗೇ ಗಾಳಿ ಎದ್ದಿತು. ಗೋಪುರ ಒಂದು ಸಲ ಬಾಗಿ, ಯೋಚನೆ ಮಾಡಿ, ಅವನ ಜೀಪಿನ ಮುಂದೆ ಸಾಷ್ಟಾಂಗ ಹಾಕ್ತು. ನಾನು ನಕ್ಕುಬಿಟ್ಟೆ. ಸಾಲಿನವರೆಲ್ಲ ನಕ್ಕರು. ನಿನ್ನ ಅಕ್ಕ ನಗಲಿಲ್ಲ. ಅವಳು ಮೊದಲ ದಿನದಿಂದ ಬೇಡ ಅಂದಿದ್ದಳು. "ನಾನು ಕೂತಿದ್ದು ನಿಜವಾದ ಗೋಪುರದ ಕೆಳಗೆ. ನಿನ್ನ ನಾಟಕದ ಪರದೆ ಕೆಳಗೆ ಅಲ್ಲ" ಅಂದಿದ್ದಳು. ಸೆಕೆಗೆ ಮಾತು ಬಿಟ್ಟದ್ದಲ್ಲ.

ಹೆಸರುಗಳನ್ನ ಮತ್ತೆ ಹೊಡೆದು ಹಾಕಿದ್ದಾರೆ. ನೀನು ಫೈಲಿನಲ್ಲಿ ಏನು ಬರೆದುಕೊಟ್ಟೆ ಅಂತ ಅವಳು ದಿನಕ್ಕೆ ಎರಡು ಸಲ ಕೇಳ್ತಾಳೆ. ಏನೂ ಇರಲ್ಲ ಬಿಡು ಅಂದಿದ್ದೀನಿ.

ಭಾವ


ಏಪ್ರಿಲ್ 3

ನಾದಿನಿ,

ನಿನ್ನ ಕಚೇರಿಗೆ ಬರೆದ ಕಾಗದ ವಾಪಸ್ ಬಂತು. ಮೇಲೆ ಕೆಂಪು ಮಸಿಯಲ್ಲಿ, 'ಈ ಹೆಸರಿನವರು ಈ ಸ್ಥಾನದಲ್ಲಿ ಇಲ್ಲ'. ಇಲಾಖೆ ಅಂದರೆ 'ಇಲ್ಲ, ಆಕೆ' ಅಂತ ನಾನು ಹಿಂದೆ ತಮಾಷೆ ಮಾಡ್ತಿದ್ದೆ. ಈಗ ನಗು ಬರಲಿಲ್ಲ.

ಅದಕ್ಕೇ ಎರಡನ್ನೂ ಸೇರಿಸಿ ನಿನ್ನ ರೂಮಿಗೆ ಕಳಿಸ್ತಿದ್ದೀನಿ. ಬೇರೆ ಸೀಟಿಗೆ ಹಾಕಿದ್ದಾರಾ? ರಜೆಯಾ? ಒಂದು ಸಾಲು ಬರಿ.

ಇಲ್ಲಿ ನಮ್ಮ ಮೇಲೆ ಕೇಸು. ನನಗೆ, ಬಡಗಿಗೆ, ಟೈಲರಮ್ಮನಿಗೆ ಸರ್ಕಾರಿ ನೋಟಿಸು ಬಂದಿದೆ, ಸುಳ್ಳು ಗುರುತು ನಿಲ್ಲಿಸಿ ಮೋಸ ಮಾಡಿದ್ದೀರಿ ಅಂತ. ನೋಟಕ್ಕೆ ಸಿಗದವರಿಗೆ ನೋಟಿಸು ಮಾತ್ರ ಸರಿಯಾಗಿ ಸಿಗುತ್ತೆ. ಪೇದೆ ಬಂದು ಬಾಗಿಲು ತಟ್ಟಿ, ನಮ್ಮ ಕೈಲಿ ಸಹಿ ಹಾಕಿಸಿಕೊಂಡು, ಬಿಸಿ ನೀರು ಕುಡಿದು ಹೋದ.

ನಿನ್ನ ಅಕ್ಕ ಇವತ್ತು ಒಂದು ಅಂಗಿ ಸುಟ್ಟಳು. ಇಷ್ಟು ವರ್ಷದಲ್ಲಿ ಮೊದಲನೇದು.

ಭಾವ


ಏಪ್ರಿಲ್ 6

ಭಾವ,

ನನ್ನನ್ನ ಕೆಲಸದಿಂದ ಅಮಾನತು ಮಾಡಿದ್ದಾರೆ. ವಿಚಾರಣೆ ಇದೆ. 'ಖಚಿತಪಡಿಸಿಕೊಂಡಿದ್ದೇನೆ' ಅಂತ ಬರೆದಿರಲ್ಲ, ಏನು ನೋಡಿ ಬರೆದಿರಿ ಅಂತ ಕೇಳಿದರು. ನಿಮ್ಮ ಕಾಗದ ಕೊಟ್ಟೆ. ಸಾಹೇಬರು ಓದಿದರು. "ಇದರಲ್ಲಿ 'ಎದ್ದು ನಿಂತಿದೆ' ಅಂತಿದೆ, 'ಕಟ್ಟಿದ್ದಾರೆ' ಅಂತ ಎಲ್ಲಿದೆ?" ಅಂದರು. ಅದೇ ಮೃದುವಾದ ದನಿ. ನಿಮ್ಮ ಕಾಗದದಲ್ಲಿ ಒಂದೂ ಸುಳ್ಳಿಲ್ಲ ಭಾವ. ಅದೇ ನನಗೆ ಉರಿದದ್ದು. ಅವಳಿ ಮಕ್ಕಳ ಟೋಪಿ ಹೆಣೆದಾಗ ನನಗೆ ನಗು ಬಂದಿತ್ತು. ಈಗ ಬರ್ತಿಲ್ಲ. ನಾನು ನಿಮಗೆ ಸೂಚನೆ ಕೊಡಲಿಲ್ಲ, ನನ್ನ ಸಂಕಟ ಹೇಳಿಕೊಂಡೆ. ಅಷ್ಟೂ ತಿಳಿಯಲಿಲ್ಲವಾ?

ಇದನ್ನ ಅಕ್ಕನಿಗೆ ಹೇಳಬೇಡಿ.

ಈಗ ಕೇಳಿ. ನಿಮ್ಮ ನೋಟಿಸು ಎಲ್ಲಿಗೆ ಬಂತು? ಬಾಗಿಲಿಗೆ ಬಂತು ಅಂತ ಬರೆದಿದ್ದೀರಿ. ತೆಗೆದು ನೋಡಿ, ಮೇಲೆ ವಿಳಾಸ ಏನಂತ ಹಾಕಿದ್ದಾರೆ. ಪೇದೆ ಬಾಗಿಲು ಎಣಿಸಿ ಬರೆದೇ ಇರಬೇಕು, ಬರೆಯದೆ ಕೊಡೋಹಾಗಿಲ್ಲ. ನಮ್ಮ ನಿಯಮದಲ್ಲಿ ಇನ್ನೊಂದು ಸಾಲಿದೆ, ಯಾರೂ ಓದೋದಿಲ್ಲ. ಸರ್ಕಾರಿ ಕಾಗದ ಒಬ್ಬರ ಮನೆ ಬಾಗಿಲಿಗೆ ಮುಟ್ಟಿ, ಮುಟ್ಟಿದ್ದಕ್ಕೆ ಸಹಿ ಆಗಿದ್ದರೆ, ಅದೇ ಅವರ ವಾಸಕ್ಕೆ ಪುರಾವೆ, ಆ ಕಾಗದದಲ್ಲಿ ಹೆಸರಿದ್ದವರಿಗೆ ಮಾತ್ರ, ಮನೆಯವರಿಗೆಲ್ಲ ಅಲ್ಲ. ಗುರುತು ಬೇಕಾಗಿಲ್ಲ. ಗೋಪುರ ಬೇಕಾಗಿಲ್ಲ. ನಿಮ್ಮನ್ನ ಅಪರಾಧಿ ಮಾಡೋಕೆ ಅವರು ನಿಮ್ಮನ್ನ ಮೊದಲು ನಿವಾಸಿ ಮಾಡಬೇಕಾಯ್ತು.

ಹೆಸರು ಸೇರಿಸೋಕೆ ಹದಿನೇಳು ಕೊನೆ ದಿನ, ಅದರೊಳಗೆ ನೋಟಿಸು ಹಿಡಿದುಕೊಂಡು ಕನ್ನಡಕದ ಮುಂದೆ ನಿಲ್ಲಿ. ಅವನು ನಿರಾಕರಿಸೋಹಾಗಿಲ್ಲ. ಮೋಸದ ಕೇಸು ಮುಗಿಯೋ ತನಕ ಓಟಿಗೆ ಅಡ್ಡಿ ಇಲ್ಲ.

ಸಿಟ್ಟು ಹಾಗೇ ಇದೆ. ಅದನ್ನೂ ಬರೆದಿಟ್ಟುಕೊಳ್ಳಿ.


ಏಪ್ರಿಲ್ 11

ನಾದಿನಿ,

ಏನು ಬರೆಯಲಿ. ನಿನ್ನ ಕಾಗದ ನೂರು ಸಲ ಮಡಿಚಿ ಬಿಚ್ಚಿದೆ. ಕ್ಷಮಿಸು ಅನ್ನೋ ಬೋರ್ಡು ಯಾರೂ ಬರೆಸಲಿಲ್ಲ ನೋಡು, ಅಭ್ಯಾಸ ಇಲ್ಲ. ಕ್ಷಮಿಸು.

ನೀನು ಹೇಳಿದ ಹಾಗೇ ಇದೆ. 'ಹಗ್ಗದ ಕಾರ್ಖಾನೆ ಹಿಂದಿನ ಸಾಲು, ಬಾಗಿಲು ಮೂರು.' ನಮ್ಮ ಮೂವರ ಹೆಸರೂ ಸೇರಿದವು. ಕನ್ನಡಕ ನೋಟಿಸನ್ನ ತಿರುಗಿಸಿ ಮುರುಗಿಸಿ ನೋಡಿದ, "ಇದು ನಿಮ್ಮ ಮೇಲಿನ ಕೇಸಲ್ಲವಾ?" ಅಂದ. "ಹೌದು ಸ್ವಾಮಿ, ನಮ್ಮ ಮೇಲಿನದೇ, ನಾವಿಲ್ಲದೆ ಯಾರ ಮೇಲೆ ಹಾಕ್ತೀರಿ" ಅಂದೆ.

ಸುದ್ದಿ ಸಾಲಿನಲ್ಲಿ ಹಬ್ಬಿತು. ಮರುದಿನ ಠಾಣೆ ಮುಂದೆ ಜಾತ್ರೆ. ಎಲ್ಲರೂ ತಪ್ಪೊಪ್ಪಿಕೊಳ್ಳೋಕೆ. "ಬಣ್ಣ ಕಲಸಿದೋನು ನಾನು" ಅಂತ ಕ್ಷೌರದಂಗಡಿಯವನು. "ಅಂಟು ಕಾಯಿಸಿದ್ದು ನಾನು" ಅಂತ ಅವನ ಅತ್ತೆ. "ಯಾರಾದರೂ ಬಂದರೆ ಕೆಮ್ಮಿ ಅಂದಿದ್ದರು, ಕೆಮ್ಮಿದೆ" ಅಂತ ಮೂಲೆಮನೆ ಮುದುಕ, ಅಲ್ಲೇ ಒಂದು ಸಲ ಕೆಮ್ಮಿ ತೋರಿಸಿದ. ಇನ್ಸ್‌ಪೆಕ್ಟರು ತಲೆ ಹಿಡಿದುಕೊಂಡರು. "ಒಂದು ಹಲಗೆ ಗೋಪುರಕ್ಕೆ ಇಷ್ಟು ಜನರಾ?" ಅಂದರು. "ದೊಡ್ಡ ಗೋಪುರ ಸಾಹೇಬರೆ" ಅಂದಳು ಟೈಲರಮ್ಮ. ಅಪರಾಧ ಒಪ್ಪಿಕೊಂಡವರನ್ನ ವಾಪಸ್ ಕಳಿಸೋಕೆ ಬರೋದಿಲ್ಲವಂತೆ. ಎಲ್ಲರಿಗೂ ನೋಟಿಸು, ಎಲ್ಲರಿಗೂ ಬಾಗಿಲು ನಂಬರು.

ನಿನ್ನ ಅಕ್ಕನೊಬ್ಬಳನ್ನ ಬಿಟ್ಟು.

ಅವಳು ಹೋಗಲ್ಲ ಅಂತಾಳೆ. ಒಂದೇ ಒಂದು ಮಾತು ಹೇಳಿದರೆ ಸಾಕು, ನಾನೂ ಕೈ ಹಚ್ಚಿದೆ ಅಂತ. "ನಾನು ಮುಟ್ಟಿಲ್ಲ" ಅಂತಾಳೆ. ಗೋಣಿತಾಟು ಇಸ್ತ್ರಿ ಮಾಡಿಕೊಟ್ಟೆ ಅಂತಾದರೂ ಹೇಳು ಅಂದೆ. "ನಾನು ಮಾಡಿದ್ದರೆ ಅದು ಅಷ್ಟು ಸುಕ್ಕಾಗಿ ಬೀಳ್ತಿರಲಿಲ್ಲ" ಅಂದಳು. ಮಾತು ಬಿಟ್ಟ ಮೇಲೆ ಅಲ್ಲೀತನಕ ನನಗೆ ಹೇಳಿದ ಅತ್ಯಂತ ಉದ್ದದ ಮಾತು ಅದು.

ನಿನ್ನ ವಿಷಯ ನಾನು ಹೇಳಲಿಲ್ಲ. ಕೆಂಪು ಮಸಿಯ ಲಕೋಟೆ ನೋಡಿ ಅವಳೇ ತಿಳ್ಕೊಂಡಳು. "ನನ್ನ ತಂಗಿ ಕೂತ ಕುರ್ಚಿ ಎಳೆದದ್ದು ಆ ಹಲಗೆ. ಅದಕ್ಕೆ ನಾನೂ ಕೈ ಹಾಕಿದೆ ಅಂತ ಬರೆಸಿಕೊಂಡು ಓಟು ಹಾಕಬೇಕಾ? ಗೋಪುರದ ಕೆಳಗೆ ಕೂತೋಳು ನಾನು. ಅದು ನಿಜ. ಆ ನಿಜಕ್ಕೆ ಯಾರೂ ಒಂದು ಕಾಗದ ಕೊಡಲಿಲ್ಲ" ಅಂದಳು.

ಸಾಲಿನಲ್ಲಿ ಓಟು ಬೇಕು ಅಂತ ಮೊದಲು ಎದ್ದೋಳು ಅವಳು. ಈಗ ಕೆಮ್ಮಿದ ಮುದುಕನಿಗೆ ಓಟಿದೆ, ಅವಳಿಗಿಲ್ಲ. ನೀನು ಹೇಳಿದರೆ ಕೇಳ್ತಾಳೆ. ಬೇಗ ಬರಿ.

ಭಾವ


ಏಪ್ರಿಲ್ 14

ಭಾವ, ಇದನ್ನ ಅಕ್ಕನ ಮುಂದೆ ಕೂತು ಜೋರಾಗಿ ಓದಿ. ನಿಮ್ಮ ಕಡೆಯಿಂದ ಒಂದು ಅಕ್ಷರ ಸೇರಿಸಬೇಡಿ, ಒಂದು ಅಕ್ಷರ ನುಂಗಬೇಡಿ.

ಅಕ್ಕಾ, ನಾನು ಚೆನ್ನಾಗಿದ್ದೀನಿ. ಬೆಳಿಗ್ಗೆ ಬಸ್ಸು ಹಿಡಿಯೋ ಓಟ ಇಲ್ಲ. ಕಿಟಕಿ ಒರೆಸಿದೆ, ಎರಡು ಸಲ. ನನ್ನ ಕುರ್ಚಿಯ ಚಿಂತೆ ನನಗೆ ಬಿಡು. ನೀನು ಓಟು ಹಾಕದೆ ಮನೆಯಲ್ಲಿ ಕೂತರೆ ನನಗೆ ಅದು ವಾಪಸ್ ಬರಲ್ಲ. ಎರಡೂ ಹೋಗುತ್ತೆ ಅಷ್ಟೆ. ಹೋಗಲಿ ಅಂತ ನಾನು ಆ ಫೈಲಿನ ಮೇಲೆ ಹೆಸರು ಹಾಕಲಿಲ್ಲ. ನಿನ್ನ ಹೆಸರು ಮೊದಲು ಇರಲಿ ಅಂತ ಹಾಕಿದೆ.

ಒಂದು ಸುಳ್ಳು ಹೇಳು. ಜೀವಮಾನಕ್ಕೆ ಒಂದು. ನಿನಗೆ ಬರದಿದ್ದರೆ ನಿನ್ನ ಗಂಡನ ಹತ್ತಿರ ದಾಸ್ತಾನಿದೆ, ಅದರಲ್ಲಿ ಒಂದು ಕೈಗಡ ತಗೋ.

ಹದಿನೇಳು ಕೊನೆ ದಿನ. ಠಾಣೆಗೆ ಹೋಗು ಅಕ್ಕ. ನನ್ನ ಸಲುವಾಗಿ ಹೋಗು. ನನ್ನ ಸಲುವಾಗಿ ಹೋಗದೆ ಇರಬೇಡ.


ಏಪ್ರಿಲ್ 22

ನಾದಿನಿ,

ಓದಿದೆ. ಇದ್ದ ಹಾಗೇ ಓದಿದೆ. ಅವಳು ಪೂರ್ತಿ ಕೇಳಿದಳು, ಕೊನೇ ಸಾಲು ಇನ್ನೊಮ್ಮೆ ಓದು ಅಂದಳು, ಓದಿದೆ. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಠಾಣೆಗೆ ಹೋಗಲಿಲ್ಲ. ಹದಿನೇಳು ಕಳೀತು.

ಇಪ್ಪತ್ತನೇ ತಾರೀಕು ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಲೆ ಬಾಚಿಕೊಂಡು ತಯಾರಾದೋಳು ಅವಳೇ. ಎಲ್ಲಿಗೆ ಅಂದೆ. "ಓಟಿಗೆ" ಅಂದಳು. ಶಾಲೆಯಲ್ಲಿ ಓಟು. ಸಾಲಿನಲ್ಲಿ ನಿಂತಳು, ಅವಳ ಹಿಂದೆ ನಾನು. ಮೇಜಿನ ಹತ್ತಿರ ಹೋಗಿ ಹೆಸರು ಹೇಳಿದಳು. ಮೇಜಿನ ಹುಡುಗಿ ಹುಡುಕಿದಳು, ಪಾಪ, ಎರಡು ಸಲ ಹುಡುಕಿದಳು. "ಇಲ್ಲಮ್ಮ" ಅಂದಳು. "ಸರಿ" ಅಂತ ನಿನ್ನ ಅಕ್ಕ ಹೊರಗೆ ಬಂದು ಬಾಗಿಲ ಹೊಸ್ತಿಲ ಮೇಲೆ ಕೂತಳು. ಬಟ್ಟೆ ಇಲ್ಲ, ಇಸ್ತ್ರಿ ಪೆಟ್ಟಿಗೆ ಇಲ್ಲ, ಕೈ ಮಡಿಲಲ್ಲಿಟ್ಟು ಸುಮ್ಮನೆ.

ನಾನು ಮೇಜಿನ ಹತ್ತಿರ ನಿಂತೇ ಇದ್ದೆ. ಹಾಕೋದಾ ಬೇಡವಾ ಗೊತ್ತಾಗಲಿಲ್ಲ. ಅವಳು ತಿರುಗಿ ನೋಡದೆ ಹೇಳಿದಳು: "ಹಾಕು ಹೋಗು. ಇಬ್ಬರದ್ದೂ ಯಾಕೆ ಹಾಳಾಗಬೇಕು." ಹಾಕಿದೆ. ಬೆರಳಿಗೆ ಶಾಯಿ ಹಚ್ಚಿದರು. ಆ ಬೆರಳನ್ನ ಕಳ್ಳನ ಹಾಗೆ ಜೇಬಿನಲ್ಲಿಟ್ಟುಕೊಂಡು ಅವಳನ್ನ ದಾಟಿ ಬಂದೆ.

ಜನ ಅವಳನ್ನ ದಾಟೋಕೆ ಕಷ್ಟಪಟ್ಟರು. ಕೆಲವರು ಬೈದರು. ನಮ್ಮ ಸಾಲಿನವರು ಒಬ್ಬೊಬ್ಬರೂ ಓಟು ಹಾಕಿ ಬಂದು ಅವಳ ಪಕ್ಕ ಸ್ವಲ್ಪ ಹೊತ್ತು ಕೂತು ಎದ್ದರು. ಪೇದೆ ಬಂದ, ಬೇಡಿಕೊಂಡ, ಗದರಿಸಿದ. ಕಡೆಗೆ ಇನ್ಸ್‌ಪೆಕ್ಟರೇ ಬಂದರು. "ಏಳಮ್ಮ, ಇಲ್ಲದಿದ್ದರೆ ಕೇಸು ಹಾಕಬೇಕಾಗುತ್ತೆ" ಅಂದರು. "ಹಾಕಿ" ಅಂದಳು. "ಇದನ್ನ ನಾನು ಮಾಡ್ತಿದ್ದೀನಿ. ಬರ್ಕೊಳ್ಳಿ." ನಿನ್ನೆ ಮಧ್ಯಾಹ್ನ ನೋಟಿಸು ಬಂತು. ಬಾಗಿಲು ತೆಗೆದೋನು ನಾನು, ನನ್ನ ಕೈಗೆ ಕೊಡಬೇಡ ಅಂದಳು. ತಾನೇ ಇಸಕೊಂಡು, ಸಹಿ ಹಾಕಿ, ವಿಳಾಸ ನನ್ನ ಕೈಲಿ ಓದಿಸಿದಳು.

ಎಣಿಕೆ ಇನ್ನೂ ಮುಗಿದಿಲ್ಲ. ಯಾರು ಗೆಲ್ತಾರೋ ಅಂತ ಸಾಲಿನಲ್ಲಿ ಯಾರೂ ಮಾತಾಡ್ತಿಲ್ಲ. ನನ್ನ ಬೆರಳು ತಿಕ್ಕಿದರೂ ಹೋಗ್ತಿಲ್ಲ. ಊಟಕ್ಕೆ ಬಡಿಸೋವಾಗ ಅವಳು ಆ ಕೈ ಕಡೆ ನೋಡಲ್ಲ.

ಇನ್ನು ಮುಂದಿನದು ಅವಳು ಹೇಳಿದ್ದು. ನಾನು ಬರೀ ಕೈ.

ತಂಗೀ, ನಿನ್ನ ಮಾತು ಕೇಳಲಿಲ್ಲ, ಬೈಯಬೇಡ. ಬಾಯಿಗೆ ಬರಲಿಲ್ಲ. ನೀನು ಕಿಟಕಿ ಎರಡು ಸಲ ಒರೆಸಿದೆ ಅಂದೆಯಲ್ಲ, ಅದರಲ್ಲೇ ನಿನ್ನ ಕ್ಷೇಮ ಗೊತ್ತಾಯ್ತು. ವಿಚಾರಣೆಗೆ ಕರೆದಾಗ ತಿಳಿಸು, ಬರ್ತೀನಿ, ಹೊರಗೆ ಕೂತಿರ್ತೀನಿ. ಈಗ ನನ್ನ ಹತ್ತಿರ ಕಾಗದ ಇದೆ. ಓಟಿನ ಬಾಗಿಲಿಗೆ ಅಡ್ಡ ಕೂತಿದ್ದಳು ಅಂತ ಬರೆದಿದ್ದಾರಂತೆ. ಕೂತಿದ್ದೆ. ಇನ್ನೊಂದು ಓಟು ಐದು ವರ್ಷಕ್ಕೆ ಅಂತಾರೆ. ಕಾಗದ ತೆಳ್ಳಗಿದೆ, ಮಡಿಚಿದರೆ ಹರಿಯುತ್ತೆ, ಅದಕ್ಕೇ ಮಡಿಚದೆ ಹಾಸಿಗೆ ಕೆಳಗೆ ಇಟ್ಟಿದ್ದೀನಿ. ಮುಂದಿನ ಓಟಿನ ತನಕ ಇದು ನಡೆಯುತ್ತಾ? ಇಲ್ಲಾ ಇನ್ನೊಂದು ಸಲ ಹೋಗಿ ಕೂರಬೇಕಾ? ನಿಯಮ ನೋಡಿ ಬರಿ.